ತೊಕ್ಕಿಗೊಂದು ಟೊಮೇಟೊ ಗಿಡ

2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿದ್ದು ನಿಮಗೂ ನೆನಪಿರಬೇಕಲ್ಲ? ಸಾರಿಗೇನೋ ಹುಣಿಸೆಹಣ್ಣು ಸಾಕು. ಆದರೆ ಜ್ವರದಿಂದೆದ್ದು ಬಾಯಿ ಕೆಟ್ಟಿದ್ದ ಅತ್ತೆಯವರಿಗೆ ಟೊಮೇಟೊ ತೊಕ್ಕಿಲ್ಲದೆ ಎರಡು ತುತ್ತು ಅನ್ನ ಇಳಿಯುತ್ತಿರಲಿಲ್ಲ. ಕೊಳ್ಳೋಣವೆಂದರೆ ತಿಂಗಳ ಕೊನೆ. ಹಿತ್ತಲಲ್ಲೇ ಬೆಳೆಯೋಣವೆಂದು ಹೊರಟೆ.

ತೊಕ್ಕಿಗೆ ರೋಮಾ ತಳಿ ಚೆನ್ನ. ಮೊಟ್ಟೆಯಾಕಾರದ ಹಣ್ಣು, ತಿರುಳು ದಪ್ಪ, ನೀರು ಕಡಿಮೆ. ಒಲೆಯ ಮೇಲೆ ಬೇಗ ಗಟ್ಟಿಯಾಗುತ್ತೆ, ಗ್ಯಾಸೂ ಉಳಿಯುತ್ತೆ.

ತೂತು ಮಾಡಿದ ತೆಂಗಿನ ಚಿಪ್ಪುಗಳಲ್ಲಿ ಮಣ್ಣು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಸಮಸಮ ತುಂಬಿ ಬೀಜ ಊರಿದೆ. ವಾರಕ್ಕೆಲ್ಲ ಮೊಳಕೆ ಬಂತು. 25 ದಿನದ ಸಸಿಗಳನ್ನು ಎರಡಡಿಗೊಂದರಂತೆ ನೆಟ್ಟು, ಬುಡಕ್ಕೆ ಹಿಡಿ ಬೇವಿನಹಿಂಡಿ ಹಾಕಿದೆ. ಪಕ್ಕದಲ್ಲಿ ಚೆಂಡುಹೂವಿನ ಸಾಲು. ಕಾಯಿಕೊರಕದ ಪತಂಗ ಹೂವಿನ ಮೇಲೇ ಹೆಚ್ಚು ಮೊಟ್ಟೆಯಿಡುವುದರಿಂದ ಟೊಮೇಟೊಗೆ ಕಾಟ ಕಡಿಮೆ. ಔಷಧಿ ಸಿಂಪಡಿಸಲೇ ಇಲ್ಲ. ನೀರು ಮಾತ್ರ ಹದವಾಗಿ ಕೊಡಬೇಕು. ನಾಲ್ಕು ದಿನ ಒಣಗಿಸಿ ಐದನೇ ದಿನ ಸುರಿದರೆ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತೆ.

ದೀಪಾವಳಿ ಹೊತ್ತಿಗೆ ಹಣ್ಣು ಕೈಗೆ ಬಂತು. ಅಷ್ಟರಲ್ಲಿ ಪೇಟೆಯಲ್ಲೂ ಬೆಲೆ ಇಳಿದಿತ್ತು, ನಿಜ. ಆದರೂ "ಇನ್ನೊಂಚೂರು ಅನ್ನ ಹಾಕಮ್ಮ" ಎಂದು ಅತ್ತೆ ತಟ್ಟೆ ಮುಂದೆ ಹಿಡಿದರಲ್ಲ, ಅದಕ್ಕೆ ಬೆಲೆ ಕಟ್ಟೋಕಾಗುತ್ತಾ?

ರೋಮಾ ಹೈಬ್ರಿಡ್ ಅಲ್ಲದ್ದರಿಂದ ಬೀಜ ಇಟ್ಟುಕೊಳ್ಳಬಹುದು. ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ರಸದ ಸಮೇತ ಎರಡು ದಿನ ಲೋಟದಲ್ಲಿಡಿ. ಹುಳಿತು ನೊರೆ ಬಂದ ಮೇಲೆ ತೊಳೆದು, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಮದುವೆಯಾಗಿ ಹೋದ ಮಗಳು ಈ ಸಲ ಒಂದು ಪೊಟ್ಟಣ ಒಯ್ದಿದ್ದಾಳೆ. ನೀವೂ ಬೆಳೆಸಿ, ನೆರೆಯವರಿಗೂ ನಾಲ್ಕು ಬೀಜ ಕೊಡಿ.