ಸಾವಿರ ಮೀಟರ್ ಆಳದಿಂದ ಒಂದು ತುತ್ತಿನತ್ತ

ಜನವರಿ. ದಕ್ಷಿಣ ಮಹಾಸಾಗರ. ನೀರಿನ ಉಷ್ಣತೆ ಶೂನ್ಯದ ಆಸುಪಾಸು. ಎರಡು ಗ್ರಾಂ ತೂಗುವ, ಸಿಗಡಿಯಂಥ ತಾಯಿ ಕ್ರಿಲ್ ಸಾವಿರಾರು ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹಿಂಡಿನ ಜೊತೆ ಹೊರಟೇಹೋಗುತ್ತದೆ. ಮೊಟ್ಟೆಯ ಅಡ್ಡಳತೆ 0.6 ಮಿಲಿಮೀಟರ್. ನೀರಿಗಿಂತ ಭಾರ. ತೇಲಲಾರದು. ಮುಳುಗತೊಡಗುತ್ತದೆ.

ನೂರು ಮೀಟರ್. ಇನ್ನೂರು. ಬೆಳಕು ಬತ್ತಿತು. ಒಳಗಿನ ಜೀವಕೋಶ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಐದಾರು ದಿನಗಳಲ್ಲಿ ಮೊಟ್ಟೆ 700ರಿಂದ 1000 ಮೀಟರ್ ಆಳಕ್ಕೆ ಇಳಿದುಬಿಡುತ್ತದೆ. ಸಾವಿರ ಮೀಟರಿನಲ್ಲಿ ನೀರಿನ ಒತ್ತಡ ಮೇಲ್ಮೈಯ ನೂರು ಪಟ್ಟು! ಇನ್ನೂ ಕೆಳಗಿಳಿಯುವ ಮೊದಲು ಮರಿ ಹೊರಬರಲೇಬೇಕು. ಬಂದೀತೇ?

ತೀರ್ಮಾನ ಉಷ್ಣತೆಯ ಕೈಯಲ್ಲಿದೆ. ಮೇಲ್ಮೈಯ ಕೆಳಗೆ, ಚಳಿಗಾಲ ಬಿಟ್ಟುಹೋದ ಕೊರೆಯುವ ನೀರಿನ ಪದರವೊಂದಿದೆ. ಅಲ್ಲಿ ಉಷ್ಣತೆ ಮೈನಸ್ ಒಂದಕ್ಕಿಂತಲೂ ಕಡಿಮೆ. ಜೀವಕೋಶಗಳು ಮಂದವಾಗುತ್ತವೆ. ಮುಳುಗುವಿಕೆ ಮಾತ್ರ ನಿಲ್ಲುವುದಿಲ್ಲ. ಹೀಗೇ ಸಾಗಿದರೆ ಮೊಟ್ಟೆ ಎಲ್ಲೋ ಪಾತಾಳದಲ್ಲಿ ಒಡೆಯುತ್ತದೆ, ಮರಿ ಮೇಲೇರುವ ದಾರಿಯಲ್ಲೇ ಸಾಯುತ್ತದೆ.

ಇನ್ನೂರು ಮೀಟರ್ ದಾಟಿದಾಗ ಆಸರೆ ಸಿಗುತ್ತದೆ. ಅಂಟಾರ್ಕ್ಟಿಕವನ್ನು ಸುತ್ತುವ ಆಳದ ಪ್ರವಾಹ, ಒಂದರಿಂದ ಎರಡು ಡಿಗ್ರಿ ಸೆಲ್ಸಿಯಸ್. ನಮ್ಮ ಬೆರಳು ಮರಗಟ್ಟಿಸುವ ನೀರು ಈ ಭ್ರೂಣಕ್ಕೆ ಕಾವು! ಜೀವಕೋಶಗಳು ಚುರುಕಾಗುತ್ತವೆ. ಮೊಟ್ಟೆ ಬೇಗ ಒಡೆಯುತ್ತದೆ, ಹತ್ತಬೇಕಾದ ಎತ್ತರ ಕಡಿಮೆಯಾಗುತ್ತದೆ. ಆದರೆ ಹೊರಬಂದ ಮರಿ ಕಗ್ಗತ್ತಲಲ್ಲಿದೆ, ಮತ್ತು ಅದಕ್ಕೆ ತಿನ್ನಲು ಬರುವುದಿಲ್ಲ.

ಈ ಕತ್ತಲನ್ನು ಬಲೆಯಿಂದ ಶೋಧಿಸಿದವರು ಜೇಮ್ಸ್ ಮಾರ್. 1921ರಲ್ಲಿ ಅಂಟಾರ್ಕ್ಟಿಕ ಅನ್ವೇಷಕ ಶ್ಯಾಕಲ್ಟನ್‌ರ ಕೊನೆಯ ಯಾನದ ‘ಕ್ವೆಸ್ಟ್’ ಹಡಗನ್ನು ಸ್ಕೌಟ್ ಹುಡುಗನಾಗಿ ಹತ್ತಿದವರು. ಮುಂದೆ ಬ್ರಿಟನ್ನಿನ ಡಿಸ್ಕವರಿ ಸಂಶೋಧನಾ ಯಾನಗಳಿಗೆ ಜೀವವಿಜ್ಞಾನಿಯಾಗಿ ಅದೇ ಕಡಲಿಗೆ ಮರಳಿದರು. ತಿಮಿಂಗಿಲ ಬೇಟೆ ಭರದಿಂದ ಸಾಗಿದ್ದ ಕಾಲ. ತಿಮಿಂಗಿಲದ ಆಹಾರವಾದ ಕ್ರಿಲ್ ಎಲ್ಲಿ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ? ಅದನ್ನು ತಿಳಿಯಬೇಕಿತ್ತು.

ಬಲೆಯ ಬಾಯಿ 70 ಸೆಂಟಿಮೀಟರ್. ಉಕ್ಕಿನ ಹಗ್ಗಕ್ಕೆ ಬಿಗಿದರು. ಸಾವಿರ ಮೀಟರಿಗೆ ಇಳಿಬಿಟ್ಟರು. ವಿಂಚ್ ತಿರುಗಿತು. ಬಲೆ 750 ಮೀಟರಿಗೆ ಏರಿದಾಗ ಲೋಹದ ತೂಕವೊಂದನ್ನು ಹಗ್ಗದ ಗುಂಟ ಜಾರಿಸಿದರು. ಅದು ಸರ್ರನೆ ಇಳಿದು ಕೊಕ್ಕೆಗೆ ಬಡಿಯಿತು. ಕೊಕ್ಕೆ ಕಳಚಿತು. ಬಲೆಯ ಕುತ್ತಿಗೆ ಬಿಗಿದು ಬಾಯಿ ಮುಚ್ಚಿತು. ಮತ್ತೆ 750ರಿಂದ 500. ಮತ್ತೆ 500ರಿಂದ 250. ಹಡಗು ಹೊಯ್ದಾಡುತ್ತಿತ್ತು, ಬೆರಳು ಸೆಟೆಯುತ್ತಿದ್ದವು, ಬಲೆ ಇಳಿಯುತ್ತಲೇ ಇತ್ತು. ಆಳಕ್ಕೊಂದು ಬಾಟಲಿ. ಬಾಟಲಿಗಳನ್ನು ಸಾಲಾಗಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ?

ತೀರಾ ಎಳೆಯ ಮರಿಗಳು ಅತಿ ಆಳದಲ್ಲಿ. ಬೆಳೆದವು ಮೇಲೆ. ಮರಿಗಳು ಬೆಳೆಯುತ್ತಾ ಹತ್ತುತ್ತಿವೆ! 1962ರಲ್ಲಿ ಮಾರ್ ಪ್ರಕಟಿಸಿದ ಬೃಹತ್ ಗ್ರಂಥದಲ್ಲಿ ಈ ಏರುಪಯಣದ ಚಿತ್ರ ಮೂಡಿತು.

ಈಗ ಆ ಹತ್ತುವಿಕೆಯನ್ನು ನೋಡಿ. ಮರಿಯ ಮೊದಲ ರೂಪ ನಾಪ್ಲಿಯಸ್. ಮೂರು ಜೊತೆ ಕಾಲು, ಅಷ್ಟೇ. ಅವನ್ನೇ ಬಡಿಯುತ್ತದೆ, ಏರುತ್ತದೆ. ಪೊರೆ ಕಳಚುತ್ತದೆ, ಎರಡನೆಯ ನಾಪ್ಲಿಯಸ್. ಮತ್ತೆ ಕಳಚುತ್ತದೆ, ಮೆಟಾನಾಪ್ಲಿಯಸ್. ಸುಮಾರು ಮೂರು ವಾರ ಒಂದೇ ಸಮನೆ ಈಜು. ಒಂದು ತುತ್ತೂ ಇಲ್ಲ. ಮೊಟ್ಟೆಯೊಳಗೆ ತಾಯಿ ಕಟ್ಟಿಕೊಟ್ಟ ಕೊಬ್ಬಿನ ಬುತ್ತಿಯೇ ಗತಿ. ಪ್ರತಿ ಮೀಟರಿಗೂ ಬುತ್ತಿ ಕರಗುತ್ತದೆ. ಆಳದಲ್ಲಿ ಒಡೆದ ಮೊಟ್ಟೆಗೆ ಏರು ಉದ್ದ, ಬುತ್ತಿ ಅಷ್ಟೇ.

ಮೊಟ್ಟೆ ಇಟ್ಟು ತಿಂಗಳಾಗುವ ಹೊತ್ತಿಗೆ ಬೆಳಕು ಕಾಣುತ್ತದೆ. ಇನ್ನೊಂದು ಪೊರೆ ಕಳಚುತ್ತದೆ. ಈಗದು ಕ್ಯಾಲಿಪ್ಟೋಪಿಸ್. ಬಾಯಿ ಕೊನೆಗೂ ಕೆಲಸಕ್ಕೆ ಬಂತು! ಬುತ್ತಿ ಬಹುತೇಕ ಮುಗಿದಿದೆ. ಸುತ್ತಲಿನ ನೀರಿನಲ್ಲಿ ಆಹಾರ ಇದೆಯೇ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಅಮೆರಿಕದ ರಾಬಿನ್ ರಾಸ್ ಮತ್ತು ಲ್ಯಾಂಗ್ಡನ್ ಕ್ವೆಟಿನ್. 1980ರ ದಶಕ, ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಪಾಮರ್ ನೆಲೆ. ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣತೆಯಲ್ಲಿಟ್ಟು ಬೆಳವಣಿಗೆ ಅಳೆದರು. ಮರಿಗಳಿಗೆ ಆಹಾರ ತಡೆಹಿಡಿದು ದಿನ ಎಣಿಸಿದರು. ಕ್ಯಾಲಿಪ್ಟೋಪಿಸ್ ಹಸಿವು ತಡೆದುಕೊಂಡಿತು. ಒಂದು ದಿನ, ಐದು ದಿನ, ಹತ್ತು ದಿನ. ಸುಮಾರು ಎರಡು ವಾರದೊಳಗೆ ಒಂದು ಗಡಿ ಬಂತು. ಅದನ್ನು ದಾಟಿದ ಮರಿಯ ಮುಂದೆ ಆಮೇಲೆ ಎಷ್ಟೇ ಪಾಚಿ ಸುರಿದರೂ ಅದು ಚೇತರಿಸಿಕೊಳ್ಳಲಿಲ್ಲ.

ಗಡಿಯ ಈಚೆಗೇ ಡಯಾಟಮ್ ಪಾಚಿ ಸಿಕ್ಕಿದರೆ ಮರಿ ಮುಕ್ಕುತ್ತದೆ, ಬೆಳೆಯುತ್ತದೆ, ಫರ್ಸಿಲಿಯಾ ಆಗುತ್ತದೆ. ಗೆದ್ದೆವು ಅನ್ನುವಷ್ಟರಲ್ಲಿ ಸೂರ್ಯ ಇಳಿಯುತ್ತಾನೆ. ಕಡಲು ಹೆಪ್ಪುಗಟ್ಟುತ್ತದೆ. ನೀರಿನಲ್ಲಿ ಪಾಚಿ ಇಲ್ಲವಾಗುತ್ತದೆ.

ದೊಡ್ಡ ಕ್ರಿಲ್‌ಗೆ ಇದು ಹೊಸದಲ್ಲ. 1982ರಲ್ಲಿ ಇಕೆಡಾ ಮತ್ತು ಡಿಕ್ಸನ್ ಪ್ರಕಟಿಸಿದ ಪ್ರಯೋಗದಲ್ಲಿ ಅದು 211 ದಿನ ಉಪವಾಸವಿದ್ದು ಬದುಕಿತ್ತು! ಪೊರೆ ಕಳಚಿದಂತೆಲ್ಲ ತನ್ನ ಮೈಯನ್ನೇ ಕುಗ್ಗಿಸಿಕೊಂಡಿತ್ತು. ಫರ್ಸಿಲಿಯಾಗೆ ಅಂಥ ದಾಸ್ತಾನಿಲ್ಲ. ಅದು ಮಂಜುಗಡ್ಡೆಯ ತಳಕ್ಕೆ ನುಗ್ಗುತ್ತದೆ. ಒಂದರ ಮೇಲೊಂದು ಏರಿ ನಿಂತ ಮಂಜಿನ ಹಲಗೆಗಳ ಸಂದಿಯಲ್ಲಿ ಅಡಗುತ್ತದೆ. ಮಂಜಿಗೆ ಅಂಟಿದ ಪಾಚಿಯನ್ನು ಕೆರೆದು ಕೆರೆದು ತಿನ್ನುತ್ತದೆ. ತಿಂಗಳುಗಟ್ಟಲೆ! ಆ ಮಂಜೇ ತಡವಾಗಿ ಬಂದರೆ?

ಬರುತ್ತಿದೆ. ಪರ್ಯಾಯ ದ್ವೀಪದ ಪಶ್ಚಿಮಕ್ಕೆ ಮಂಜು ತಡವಾಗಿ ಕಟ್ಟಿ ಬೇಗ ಒಡೆಯುತ್ತಿದೆ. ನೈಋತ್ಯ ಅಟ್ಲಾಂಟಿಕ್‌ನಲ್ಲಿ 1970ರ ದಶಕದಿಂದ ಕ್ರಿಲ್ ಸಾಂದ್ರತೆ ಕುಸಿದಿದೆ ಎಂದು 2004ರಲ್ಲಿ ಆಂಗಸ್ ಆಟ್ಕಿನ್‌ಸನ್ ತಂಡ ತೋರಿಸಿತು. ಹಿಂದಿನ ಚಳಿಗಾಲದ ಮಂಜು ಹೆಚ್ಚು ದಿನ ನಿಂತಲ್ಲಿ ಮುಂದಿನ ಬೇಸಿಗೆಯಲ್ಲಿ ಕ್ರಿಲ್ ಹೆಚ್ಚು. ಇತ್ತ ಮೊಟ್ಟೆಯ ಕಥೆಯೂ ಬಿಗಡಾಯಿಸುತ್ತಿದೆ. ಎರಡು ಡಿಗ್ರಿಯಲ್ಲಿ ಚುರುಕಾಗುವ ಅದೇ ಮೊಟ್ಟೆ, 3 ಡಿಗ್ರಿ ದಾಟಿದರೆ ಒಡೆಯುವುದೇ ಕಡಿಮೆಯಾಗುತ್ತದೆ. ಇನ್ನೂ ಮೇಲೇರಿದರೆ ಹುಟ್ಟುವ ಮರಿಗಳಲ್ಲಿ ವಿಕಾರ ಹೆಚ್ಚುತ್ತದೆ. 2020ರಲ್ಲಿ ಪ್ರಕಟವಾದ ಪ್ರಯೋಗಗಳ ಎಚ್ಚರಿಕೆ ಇದು.

ಇಷ್ಟೆಲ್ಲ ದಾಟಿ ಉಳಿದವುಗಳ ಒಟ್ಟು ತೂಕ ಒಂದು ಅಂದಾಜಿನಂತೆ 37.9 ಕೋಟಿ ಟನ್. ನೀಲಿ ತಿಮಿಂಗಿಲ, ಪೆಂಗ್ವಿನ್, ಸೀಲ್ ಎಲ್ಲವೂ ಇದರ ಅನ್ನ ಉಣ್ಣುತ್ತವೆ. ಮೀನುಗಾರಿಕೆಯ ಹಡಗುಗಳೂ ಅಲ್ಲಿವೆ. ಎಷ್ಟು ಹಿಡಿಯಬಹುದೆಂದು ಲೆಕ್ಕ ಹಾಕುವಾಗ ದೊಡ್ಡ ಕ್ರಿಲ್‌ಗಳನ್ನು ತೂಗಿದರೆ ಸಾಲದು. ಆಳದ ನೀರಿನ ಉಷ್ಣತೆ, ಬೇಸಿಗೆಯ ಪಾಚಿ, ಚಳಿಗಾಲದ ಮಂಜು ಮೂರನ್ನೂ ಅಳೆಯಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ಆ ವರ್ಷದ ಪೀಳಿಗೆ ಬಲೆಗೆ ಬೀಳುವ ಮೊದಲೇ ಕೈತಪ್ಪಿ ಹೋಗಿರುತ್ತದೆ.