ಆಯಿ ಹೇಳಿಕೊಟ್ಟ ಚರಣ

ನಮ್ಮ ಹಾಡುಗಳು ಈಗ ಮೊಬೈಲಿನಲ್ಲಿ ಸಿಗುತ್ತವೆ ಎಂದು ನೀವೆಲ್ಲ ಸಂತೋಷಪಟ್ಟಿದ್ದೀರಿ. ಆ ಕೆಲಸದಲ್ಲಿ ನಮ್ಮಿಂದ ಒಂದು ತಪ್ಪಾಗಿದೆ. ಅದನ್ನು ಹೇಳದೆ ಬಿಡುವುದು ಸರಿಯಲ್ಲ.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಮನೆಗಳ ಸಂಗತಿ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ಅಜ್ಜನ ಕೈಯಲ್ಲಿ ಬೀದರಿನಿಂದ ತಂದ ಕನ್ನಡ ಹಾಡಿನ ಪುಸ್ತಕ. ಪಕ್ಕದಲ್ಲಿ ಕುಳಿತ ಮೊಮ್ಮಗನಿಗೆ ಅದೇ ಹಾಡು ಬಾಯಿಗೆ ಬರುತ್ತದೆ, ಅಕ್ಷರ ಮಾತ್ರ ಬಾರದು. ಹಾಗಾಗಿ ಮಾತು ಕನ್ನಡದ್ದೇ ಇದ್ದರೂ ಪ್ರತಿ ಹಾಡನ್ನು ಎರಡು ಲಿಪಿಗಳಲ್ಲಿ ಕೊಡಬೇಕಿತ್ತು.

ಮೊದಲು ಒಂದೊಂದು ಪುಟವನ್ನೂ ಕೈಯಿಂದಲೇ ಎಚ್‌ಟಿಎಂಎಲ್‌ನಲ್ಲಿ ಬರೆದೆವು. ನಲವತ್ತು ಹಾಡು ಆಗುವಷ್ಟರಲ್ಲಿ ಹಿರಿಯರು, "ಅಕ್ಷರ ಸಣ್ಣವು ಅವ, ದೊಡ್ಡವು ಮಾಡ್ರಿ" ಅಂದರು. ಎಂಬತ್ತು ಪುಟ ತೆರೆದು ತಿದ್ದಬೇಕಾಯಿತು! ಆಗ ಹೈದರಾಬಾದಿನಲ್ಲಿ ಬಿ.ಟೆಕ್ ಓದುತ್ತಿದ್ದ ನಮ್ಮಲ್ಲೊಬ್ಬ ಬೇರೆ ದಾರಿ ತೋರಿಸಿದ. ಲಗ್ನಪತ್ರಿಕೆ ಅಚ್ಚು ಹಾಕುವವರು ಏನು ಮಾಡುತ್ತಾರೆ? ಚೌಕಟ್ಟು ಒಂದೇ, ವಧೂವರರ ಹೆಸರು ಮಾತ್ರ ಬದಲು. ಹಾಗೆಯೇ ಪುಟದ ಮಾದರಿಯನ್ನು ಒಂದೇ ಸಲ ಬರೆದು, ಹಾಡು ಬರಬೇಕಾದ ಕಡೆ ಖಾಲಿ ಜಾಗ ಬಿಡುವುದು. ಹಾಡುಗಳೆಲ್ಲ ಒಂದು ಶೀಟಿನಲ್ಲಿ: ಹಾಡಿನ ಸಂಖ್ಯೆ, ಚರಣದ ಸಂಖ್ಯೆ, ಪಲ್ಲವಿಯೋ ಅಲ್ಲವೋ, ಸಾಲುಗಳು. ಪೈಥಾನ್ ಮತ್ತು ಜಿಂಜಾ ಎಂಬ ಸಾಧನ ಎರಡನ್ನೂ ಸೇರಿಸಿ ಎಲ್ಲ ಪುಟಗಳ ಕೋಡನ್ನು ತಾವೇ ಬರೆದುಬಿಡುತ್ತವೆ. ಅಕ್ಷರ ದೊಡ್ಡದಾಗಬೇಕೆ? ಮಾದರಿಯಲ್ಲಿ ಒಂದು ಕಡೆ ಬದಲಿಸಿದರೆ ಸಾಕು.

ತೆಲುಗು ಲಿಪಿಗಾಗಿ ಮತ್ತೆ ಟೈಪ್ ಮಾಡುವ ಕೆಲಸವೂ ತಪ್ಪಿತು. ಯೂನಿಕೋಡಿನಲ್ಲಿ ಕನ್ನಡದ 'ಕ' ಅಕ್ಷರದ ಸಂಖ್ಯೆ 3221, ತೆಲುಗಿನ 'ಕ' 3093. ಕನ್ನಡದ 'ಮ' 3246, ತೆಲುಗಿನದು 3118. ಎರಡರಲ್ಲೂ ವ್ಯತ್ಯಾಸ 128. ಒತ್ತು, ಗುಣಿತ, ಸೊನ್ನೆ ಎಲ್ಲಕ್ಕೂ ಅದೇ ಲೆಕ್ಕ. ಪ್ರತಿ ಕನ್ನಡ ಅಕ್ಷರದಿಂದ 128 ಕಳೆದರೆ ತೆಲುಗು ಪುಟ ಸಿದ್ಧ! ಅಣ್ಣತಮ್ಮಂದಿರ ಮನೆಗಳನ್ನು ಸಾಲಾಗಿ ಕಟ್ಟಿದ ಹಾಗಿದೆ ಎಂದು ಆ ರಾತ್ರಿ ನಾವು ನಕ್ಕಿದ್ದೇ ನಕ್ಕಿದ್ದು. (ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದ ಕಡತಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವನ್ನು ಮೊದಲು ಯೂನಿಕೋಡಿಗೆ ತರಬೇಕು. ಅದೇ ಒಂದು ದೊಡ್ಡ ಕಥೆ.)

ಇನ್ನು ತಪ್ಪಿನ ವಿಷಯ. ನಾರಾಯಣಖೇಡದ ಒಬ್ಬ ಆಯಿಗೆ ಯಾವ ಪುಸ್ತಕದಲ್ಲೂ ನಮಗೆ ಸಿಗದ ಒಂದು ಚರಣ ಬರುತ್ತಿತ್ತು. ಜೋಳದ ಹೊಲದಲ್ಲಿ ಕಳೆ ತೆಗೆಯುತ್ತಾ ಅವರ ಅವ್ವ ಹಾಡುತ್ತಿದ್ದರಂತೆ. ನಾಲ್ಕು ಸಾಲು. ನಮ್ಮ ಗುಂಪಿನ ಇಬ್ಬರು ಬಸ್ಸು ಹಿಡಿದು ಹೋಗಿ, ಅವರ ಬಾಯಿಂದ ಕೇಳಿ, ಅಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಸೇರಿಸಿದರು. ಆದರೆ ಸೇರಿಸಿದ್ದು ಶೀಟಿನಲ್ಲಲ್ಲ, ತಯಾರಾದ ಪುಟದಲ್ಲಿ. ಆಯಿಗೆ ತೋರಿಸಿದರು. ಅವರು ಪರದೆಯ ಮೇಲೆ ಬೆರಳಾಡಿಸಿ, "ನಮ್ಮವ್ವನ ಹಾಡು ಇದರಾಗ ಬಂತಲ್ಲೋ ಬಾಬಾ" ಅಂದರಂತೆ.

ಮುಂದಿನ ವಾರ ಜಹೀರಾಬಾದಿನಲ್ಲಿ ಕುಳಿತ ಇನ್ನೊಬ್ಬರು ಎರಡು ಹೊಸ ಹಾಡು ಸೇರಿಸಿ ಎಲ್ಲ ಪುಟಗಳನ್ನು ಮತ್ತೆ ತಯಾರಿಸಿದರು. ಶೀಟಿನಲ್ಲಿ ಇಲ್ಲದ ಆ ಚರಣ ಅಳಿದುಹೋಯಿತು. ಯಾರಿಗೂ ತಿಳಿಯಲಿಲ್ಲ. ಇದು ನಮ್ಮೊಬ್ಬರದೇ ತಪ್ಪೇನಲ್ಲ. ಯಂತ್ರ ಬರೆದ ಕೋಡನ್ನು ಕೈಯಿಂದ ತಿದ್ದಿ ಕಳೆದುಕೊಂಡವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಅಂಥ ಕಡತಗಳ ತಲೆಯ ಮೇಲೆ 'ತಿದ್ದಬೇಡಿ' ಎಂದು ಬರೆಯುವ ರೂಢಿ ಇದೆ. ನಮಗೆ ಆ ರೂಢಿ ಗೊತ್ತಾದದ್ದು ಆಮೇಲೆ.

ಎರಡು ತಿಂಗಳ ನಂತರ ಅಭ್ಯಾಸದ ದಿನ ಹುಡುಕಿದರೆ ಚರಣ ಇಲ್ಲ. ಹಳೆಯ ಪ್ರತಿಯನ್ನೂ ಇಟ್ಟಿರಲಿಲ್ಲ. ಕೊನೆಗೆ ತಾಂಡೂರಿನ ತಂಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಸಿಕ್ಕಿತು. ವಿಕಾರಾಬಾದಿನಲ್ಲಿ ರೈಲು ಬದಲಿಸಲು ಕಾಯುವಾಗ ಬರೆದುಕೊಂಡಿದ್ದಳಂತೆ. ಅಷ್ಟರಲ್ಲಿ ರೈಲು ಬಂದು, ಉಳಿದೆರಡು ಬರೆಯದೆ ಎದ್ದಿದ್ದಳು.

ಮತ್ತೆ ನಾರಾಯಣಖೇಡಕ್ಕೆ ಹೋದೆವು. ಅಷ್ಟರಲ್ಲಿ ಆಯಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಎರಡು ಸಾಲು ಹಾಡಿದೆವು. ಮೂರನೆಯದಕ್ಕೆ ಅವರೇ ರಾಗ ಎತ್ತಿದರು, ರಾಗ ಸರಿಯಾಗೇ ಇತ್ತು. ಮಾತು ಬರಲಿಲ್ಲ. ನಮ್ಮ ಕೈ ಹಿಡಿದುಕೊಂಡು ಹಾಗೇ ಕುಳಿತರು. ಚರಣ ಅಳಿದದ್ದು ನಮ್ಮಿಂದ ಎಂದು ಅವರಿಗೆ ಹೇಳುವ ಧೈರ್ಯ ಅಂದು ನಮಗಾಗಲಿಲ್ಲ. ಅವರ ಮಗಳಿಗೆ ಹೇಳಿ ಕ್ಷಮೆ ಕೇಳಿದೆವು. ಅವರು ಚಹಾ ಕೊಟ್ಟು ಕಳಿಸಿದರು.

ಈಗ ಶೀಟಿನಲ್ಲಿ ಆ ಚರಣದ ಎರಡು ಸಾಲು ತುಂಬಿವೆ, ಎರಡು ಖಾಲಿ. ಖಾಲಿ ಸಾಲು ಬಂದರೆ ಬಿಟ್ಟು ಮುಂದೆ ಹೋಗು ಎಂದು ಮಾದರಿಯಲ್ಲಿ ಬರೆದಿದ್ದೆವು. ಅದನ್ನು ತೆಗೆದಿದ್ದೇವೆ. ಖಾಲಿ ಇದ್ದ ಕಡೆ ಈಗ 'ಈ ಸಾಲು ಬಲ್ಲವರು ದಯವಿಟ್ಟು ತಿಳಿಸಿರಿ' ಎಂದು ಎರಡೂ ಲಿಪಿಗಳಲ್ಲಿ ಮೂಡುತ್ತದೆ. ನಿಮ್ಮ ಮನೆಯ ಹಿರಿಯರಿಗೆ ತೋರಿಸಿ. ಯಾರಿಗಾದರೂ ಬಂದರೆ ಕಾಗದದ ಮೇಲಾದರೂ ಸರಿ, ಬರೆದು ಭಾನುವಾರ ಆರಾಧನೆಗೆ ಬರುವಾಗ ತನ್ನಿ. ಶೀಟಿಗೆ ನಾವು ಸೇರಿಸುತ್ತೇವೆ.