ಬೀಗರ ಋಷಿಮೂಲ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹೇಳಿದವರಿಗೆ ಅನುಭವವಿದ್ದಿರಬೇಕು. ಎಂಥ ದೊಡ್ಡ ನದಿಯೂ ಎಲ್ಲೋ ಒಂದು ಬಂಡೆಯ ಸಂದಿಯಲ್ಲಿ ಬೊಗಸೆ ನೀರಾಗಿ ಹುಟ್ಟುತ್ತದೆ. ದೂರದಿಂದ ನಡೆದು ಬಂದು ನೋಡಿದವನಿಗೆ ನಿರಾಶೆ. ಋಷಿಗಳ ವಿಷಯವನ್ನಂತೂ ಹೇಳಬೇಕಾದ್ದಿಲ್ಲ. ಆದರೆ ಈ ಬುದ್ಧಿವಾದ ಮೂಲ ಗೊತ್ತಿದ್ದವರಿಗೆ ಒಪ್ಪುವಂಥದು. ಊರು ಯಾವುದು, ಮನೆದೇವರು ಯಾವುದು ಎಂದರೆ ಥಟ್ಟನೆ ಹೇಳಬಲ್ಲವನು, "ಅದೆಲ್ಲ ಈಗ ಯಾಕೆ?" ಎಂದು ಸುಮ್ಮನಿರಬಹುದು. ಮೂಲವೇ ಕಳೆದುಹೋದವನ ಪಾಡು ಬೇರೆ. ಅಂಥವರೊಬ್ಬರ ಜೊತೆಯಲ್ಲಿ ನಾನೊಂದು ಬೇಸಿಗೆ ಕಳೆದೆ. ಅವರು ನಮ್ಮ ಬೀಗರು.

ಅಮೆರಿಕದ ಓಹಾಯೋ ರಾಜ್ಯದಲ್ಲಿ ಸಿನ್ಸಿನಾಟಿ ಎಂಬ ನಗರವಿದೆ. ನನ್ನ ಮಗಳು ಅಲ್ಲಿಯ ಹುಡುಗನನ್ನೇ ಮದುವೆಯಾಗಿ ಅಲ್ಲಿಯವಳೇ ಆದಳು. ಅಳಿಯನ ತಂದೆಗೆ ನಾನು ಮೊದಲು ಕಲಿಸಿದ ಕನ್ನಡ ಶಬ್ದ 'ಬೀಗರು'. ಮಗನ ಮಾವನನ್ನು ಏನೆನ್ನಬೇಕೆಂಬುದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತಿಲ್ಲ. ಇಷ್ಟು ಹತ್ತಿರದ ನಂಟಿಗೆ ತಮ್ಮ ಭಾಷೆಯಲ್ಲಿ ಹೆಸರೇ ಇಲ್ಲದ್ದು ಅವರಿಗೆ ಆಶ್ಚರ್ಯವಾಯಿತು. ಅಂದಿನಿಂದ ನನ್ನನ್ನು 'ಬೀಗರೇ' ಎಂದೇ ಕರೆಯುತ್ತಾರೆ. 'ಗ' ಸ್ವಲ್ಪ ಗಡುಸು, ಅಷ್ಟೆ.

ನಾವು ಅಲ್ಲಿಗೆ ಹೋಗಿದ್ದಾಗ ಮೊಮ್ಮಗನಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ತಾಯಿಯ ಕಡೆಯದನ್ನು ನಾನು ಕುಳಿತಲ್ಲೇ ಏಳು ತಲೆಯವರೆಗೆ ಹೇಳಿಬಿಟ್ಟೆ. ಇದು ನನ್ನ ಹೆಚ್ಚುಗಾರಿಕೆಯಲ್ಲ. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಬರುತ್ತಿದ್ದ ಹೆಳವನದು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಅಂಗಳದಲ್ಲಿ ನಿಂತು, ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿದ್ದ ಕೂಸಿನವರೆಗೆ ಹೆಸರು ಹಾಡಿ, ಕಾಳು ಕಡಿ ತೆಗೆದುಕೊಂಡು ಹೋಗುತ್ತಿದ್ದ. ಚಿಕ್ಕಂದಿನಲ್ಲಿ ಕೇಳಿದ್ದು ಗಟ್ಟಿಯಾಗಿ ಉಳಿದಿತ್ತು. ಮರದ ಒಂದು ಪಕ್ಕ ಹೀಗೆ ತುಂಬಿಹೋಯಿತು. ಇನ್ನೊಂದು ಪಕ್ಕದಲ್ಲಿ ಬೀಗರು, ಅವರ ತಂದೆ, ಅಜ್ಜ. ಅದರಾಚೆ ಮುತ್ತಜ್ಜನ ಹೆಸರಿನ ಕೆಳಗೆ 'ಜರ್ಮನಿ' ಎಂಬ ಒಂದೇ ಮಾತು. ಹುಡುಗ, "ಜರ್ಮನಿಯಲ್ಲಿ ಎಲ್ಲಿ, ಅಜ್ಜ?" ಎಂದು ಕೇಳಿದ. ಎಪ್ಪತ್ತು ದಾಟಿದ ಆ ದೊಡ್ಡ ಮನುಷ್ಯನ ಮುಖ ಸಣ್ಣದಾಯಿತು.

ಮನೆಯಲ್ಲಿ ಕಥೆಗಳಿಗೆ ಕೊರತೆಯಿರಲಿಲ್ಲ. ಮುತ್ತಜ್ಜ ಒಬ್ಬ ಪಾಳೆಯಗಾರನ ಮಗನಂತೆ. 1848ರ ಕ್ರಾಂತಿಯಲ್ಲಿ ರಾಜನ ವಿರುದ್ಧ ಕತ್ತಿ ಹಿರಿದು, ತಲೆ ತಪ್ಪಿಸಿಕೊಂಡು ಬಂದನಂತೆ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದಾಗ ಅಲ್ಲಿಯ ಗುಮಾಸ್ತೆ ಅವನ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿದನಂತೆ. ಈ 'ಅಂತೆ'ಗಳನ್ನು ಒರೆಗೆ ಹಚ್ಚೋಣ ಎಂದೆ. ನಾನು ಮೂವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ಖರೀದಿ ಪತ್ರ, ಪಾಲುಪಟ್ಟಿಗಳನ್ನು ಓದಿದವನು. ಕಾಗದ ಕಂಡರೆ ಕೈ ಕಡಿಯುವ ಚಾಳಿ ನಿವೃತ್ತಿಯ ನಂತರವೂ ಹೋಗಿಲ್ಲ.

ಎಲ್ಲಿಸ್ ದ್ವೀಪದ ಕಥೆ ಮೊದಲ ದಿನವೇ ಬಿದ್ದುಹೋಯಿತು. ಆ ಠಾಣೆ ಬಾಗಿಲು ತೆರೆದದ್ದು 1892ರಲ್ಲಿ. ನಮ್ಮ ಮುತ್ತಜ್ಜ ಬಂದದ್ದು 1854ರಲ್ಲಿ. ಅದಕ್ಕೂ ಹಿಂದಿನ ಕ್ಯಾಸಲ್ ಗಾರ್ಡನ್ ಠಾಣೆ ಕೂಡ ತೆರೆದದ್ದು 1855ರ ಆಗಸ್ಟಿನಲ್ಲಿ. ಅಲ್ಲದೆ ಠಾಣೆಯ ಗುಮಾಸ್ತರು ಹೆಸರು ಬದಲಿಸುತ್ತಿದ್ದರೆಂಬುದೇ ಸುಳ್ಳು. ಹಡಗಿನವರು ಬರೆದು ತಂದ ಪಟ್ಟಿಯನ್ನು ಮುಂದಿಟ್ಟುಕೊಂಡು ಅವರು ಹಾಜರಿ ಕೂಗುತ್ತಿದ್ದರು. ಹಾಗಾದರೆ ಹೆಸರು ಬದಲಾದದ್ದು ಎಲ್ಲಿ? ಬೀಗರ ಮನೆತನದ ಹೆಸರು ಇಂಗ್ಲಿಷಿನಲ್ಲಿ ಬಡಗಿ ಎಂಬರ್ಥದ್ದು. ಜರ್ಮನ್ ಮೂಲ 'ತ್ಸಿಮ್ಮರ್‌ಮಾನ್'. ಅದರ ಅರ್ಥವೂ ಬಡಗಿಯೇ. ಜನಗಣತಿಯ ಕಾಗದಗಳಲ್ಲಿ ಮುತ್ತಜ್ಜ ಸಾಯುವವರೆಗೂ ತ್ಸಿಮ್ಮರ್‌ಮಾನನೇ. ಬರೆದವರ ಕಿವಿಗೆ ತಕ್ಕಂತೆ ಒಮ್ಮೆ 'ಸಿಮರ್ಮನ್', ಒಮ್ಮೆ 'ಟಿಮರ್‌ಮನ್' ಆಗಿದ್ದಾನೆ. ಬಡಗಿಯ ಇಂಗ್ಲಿಷ್ ಹೆಸರು ಮೊದಲು ಕಾಣಿಸುವುದು 1920ರ ಗಣತಿಯಲ್ಲಿ, ಮಗನ ಕಾಲಕ್ಕೆ.

1910ಕ್ಕೂ 1920ಕ್ಕೂ ನಡುವೆ ಏನಾಯಿತೆಂದು ಸಿನ್ಸಿನಾಟಿಯ ಬೀದಿಗಳೇ ಹೇಳುತ್ತವೆ. ಊರಿನ ನಡುವೆ ಹಿಂದೆ ಒಂದು ಕಾಲುವೆಯಿತ್ತು. ಅದರಾಚೆ ಜರ್ಮನರೇ ತುಂಬಿದ್ದರಿಂದ ಕಾಲುವೆಯನ್ನು ತಮಾಷೆಗೆ ರೈನ್ ನದಿ ಎನ್ನುತ್ತಿದ್ದರು. ಆ ಕೇರಿಗೆ 'ರೈನ್ ನದಿಯಾಚೆ' ಎಂಬ ಹೆಸರು ಇಂದಿಗೂ ಇದೆ. ಅಲ್ಲಿ ಜರ್ಮನ್ ಪತ್ರಿಕೆ, ಜರ್ಮನ್ ಶಾಲೆ, ಜರ್ಮನ್ ಪೂಜೆ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. 1918ರಲ್ಲಿ ನಗರಸಭೆ ಬ್ರೆಮೆನ್ ಬೀದಿಯನ್ನು ರಿಪಬ್ಲಿಕ್ ಬೀದಿ ಮಾಡಿತು. ಜರ್ಮನ್ ಬೀದಿ ಇಂಗ್ಲಿಷ್ ಬೀದಿಯಾಯಿತು. ಅದೇ ವರ್ಷ ಅಯೋವಾ ರಾಜ್ಯದ ಗವರ್ನರು ಟೆಲಿಫೋನಿನಲ್ಲಿ ಕೂಡ ಇಂಗ್ಲಿಷಲ್ಲದೆ ಬೇರೆ ಭಾಷೆ ಆಡಕೂಡದೆಂದು ಆಜ್ಞೆ ಹೊರಡಿಸಿದರು. ಇಲಿನಾಯ್ ರಾಜ್ಯದಲ್ಲಿ ಗುಂಪೊಂದು ಒಬ್ಬ ಜರ್ಮನನನ್ನು ಮರಕ್ಕೆ ನೇತುಹಾಕಿ ಕೊಂದಿತು. 1919ರಲ್ಲಿ ಓಹಾಯೋ ಸರ್ಕಾರ ಎಂಟನೆಯ ತರಗತಿಯ ಕೆಳಗೆ ಜರ್ಮನ್ ಕಲಿಸುವುದನ್ನೇ ನಿಷೇಧಿಸಿತು. ಇಂಥ ಕಾನೂನುಗಳು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತು, ನಿಜ. ಅಷ್ಟರಲ್ಲಿ ಮನೆಮನೆಯಲ್ಲಿ ಮಾತು ನಿಂತುಹೋಗಿತ್ತು.

ಬೀಗರ ತಂದೆಗೆ ಆಗ ಹದಿಮೂರು ವರ್ಷ. ತಾಯಿಯ ಭಾಷೆಯಲ್ಲಿ ಓದು ಬರಹ ಬಲ್ಲ ಹುಡುಗ. ಮುಂದೆ ಎಂಬತ್ತು ವರ್ಷದವರೆಗೆ ಬದುಕಿದರೂ ಮಕ್ಕಳೆದುರು ಒಂದು ಜರ್ಮನ್ ಮಾತೂ ಆಡಲಿಲ್ಲವಂತೆ. "ಅಪ್ಪ ಮುಂಗೋಪಿ, ಹಳೆಯದನ್ನು ಕೇಳಿದರೆ ರೇಗುತ್ತಿದ್ದ" ಎಂದು ಬೀಗರು ತಿಳಿದಿದ್ದರು. ತಾರೀಖುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ ಮೇಲೆ, "ಅದು ಕೋಪವಾಗಿರಲಿಲ್ಲವೇನೋ ಬೀಗರೇ, ಹೆದರಿಕೆಯಾಗಿತ್ತು" ಎಂದರು.

ಇಷ್ಟಾದರೂ ಊರು ಸಿಕ್ಕಲಿಲ್ಲ. ಅಗ್ನಿದೇವನಿಗೆ ದಾಖಲೆಗಳೆಂದರೆ ಎಲ್ಲ ದೇಶದಲ್ಲೂ ಪ್ರೀತಿ. ಸಿನ್ಸಿನಾಟಿಯ ಕೋರ್ಟು ಕಟ್ಟಡವನ್ನು 1884ರ ದಂಗೆಯಲ್ಲಿ ಜನ ಸುಟ್ಟರು. ಐವತ್ತಕ್ಕೂ ಹೆಚ್ಚು ಮಂದಿ ಸತ್ತ ಆ ಮೂರು ದಿನಗಳಲ್ಲಿ ಕಡತಗಳೂ ಬೂದಿಯಾದವು. 1890ರ ಜನಗಣತಿಯ ಕಾಗದಗಳು 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಗೆ ಸಿಕ್ಕವು. ಉಳಿದ ಗಣತಿಗಳಲ್ಲಿ ಮುತ್ತಜ್ಜನ ಹುಟ್ಟೂರಿನ ಕಡೆ 1860ರಲ್ಲಿ 'ಬವೇರಿಯ', 1870ರಲ್ಲಿ 'ವುರ್ಟೆಂಬರ್ಗ್', 1880ರಲ್ಲಿ 'ಜರ್ಮನಿ' ಎಂದಿದೆ. ಬೀಗರು ತಲೆ ಚಚ್ಚಿಕೊಂಡರು. ನನಗೆ ಅದು ಅಷ್ಟು ವಿಚಿತ್ರವೆನಿಸಲಿಲ್ಲ. ಜರ್ಮನಿ ಒಂದೇ ರಾಷ್ಟ್ರವಾದದ್ದು 1871ರಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಹಲವು ಸಂಸ್ಥಾನಗಳು. ನಮ್ಮ ತಂದೆ ಹುಟ್ಟಿದ್ದು ಮುಂಬಯಿ ಪ್ರಾಂತದಲ್ಲಿ, ಅವರ ಭಾವಮೈದುನ ನಿಜಾಮನ ಸೀಮೆಯಲ್ಲಿ. ಇಬ್ಬರೂ ಅಲುಗಾಡದೆ 1956ರಲ್ಲಿ ಮೈಸೂರು ರಾಜ್ಯದವರಾದರು, 1973ರಲ್ಲಿ ಕರ್ನಾಟಕದವರಾದರು.

ದಾರಿ ತೋರಿಸಿದ್ದು ಮನೆಯ ಹಳೆಯ ಬೈಬಲ್ಲಿನೊಳಗೆ ಮಡಿಸಿಟ್ಟಿದ್ದ ಒಂದು ಹಾಳೆ. 1860ರ ಪೌರತ್ವ ಪತ್ರ. ಹೊಸ ಪ್ರಜೆ ತನ್ನ ಹಳೆಯ ದೊರೆಯ ನಿಷ್ಠೆಯನ್ನು ಬಿಟ್ಟೆನೆಂದು ಪ್ರಮಾಣ ಮಾಡಬೇಕಿತ್ತು. ಮುತ್ತಜ್ಜ ಬಿಟ್ಟದ್ದು ವುರ್ಟೆಂಬರ್ಗಿನ ರಾಜನನ್ನು. ಸಂಸ್ಥಾನ ಖಚಿತವಾಯಿತು. ಆದರೆ ಅಲ್ಲಿ ಸಾವಿರಕ್ಕೂ ಮೇಲ್ಪಟ್ಟು ಹಳ್ಳಿಗಳು. ಕೊನೆಗೆ ಜರ್ಮನ್ ಇಗರ್ಜಿಯೊಂದರ ಉತ್ತರಕ್ರಿಯೆಯ ಪುಸ್ತಕದಲ್ಲಿ ಅವನ ಸಾವಿನ ನಮೂದು ಸಿಕ್ಕಿತು. ಸರ್ಕಾರದ ಗುಮಾಸ್ತೆಗೆ 'ಜರ್ಮನಿ' ಎಂದರೆ ಸಾಕಾಗಿತ್ತು; ಪಾದ್ರಿಯೂ ಅದೇ ಕಡೆಯವನಾದ್ದರಿಂದ ಊರಿನ ಹೆಸರನ್ನೇ ಬರೆದಿದ್ದ.

ಬರೆದಿದ್ದ ಎಂದೆನಲ್ಲ, ಓದುವುದು ಮಾತ್ರ ಹರಸಾಹಸ. ಹಳೆಯ ಜರ್ಮನ್ ಬರವಣಿಗೆ ನಮ್ಮ ಮೋಡಿ ಅಕ್ಷರದ ಸೋದರ. ಅದರಲ್ಲಿ 'ಇ'ಗೂ 'ಎನ್‌'ಗೂ ಭೇದವಿಲ್ಲ. 'ಯು' ಅಕ್ಷರದ ತಲೆಯ ಮೇಲೊಂದು ಕೊಂಕು. ಬೀಗರಿಗೂ ಜರ್ಮನ್ ಬಾರದು, ನನಗಂತೂ ಬಾರದು. ಅಕ್ಷರಮಾಲೆಯ ಪಟವೊಂದನ್ನು ಮುಂದಿಟ್ಟುಕೊಂಡು, ಗೊತ್ತಿದ್ದ ತಿಂಗಳ ಹೆಸರುಗಳಿಂದ ಒಂದೊಂದೇ ಅಕ್ಷರ ಹೆಕ್ಕಿ, ಮೂರು ದಿನಕ್ಕೆ ಊರಿನ ಹೆಸರು ಕೂಡಿಸಿದೆವು. ಬ್ರಾಕನ್‌ಹೈಮ್ ಪಟ್ಟಣದ ಹತ್ತಿರದ ಒಂದು ಹಳ್ಳಿ. ದ್ರಾಕ್ಷಿ ಬೆಳೆಯುವ ಸೀಮೆ.

ಬ್ರಾಕನ್‌ಹೈಮ್ ಎಂದೊಡನೆ ನಾನು ಕುರ್ಚಿಯಿಂದ ಎದ್ದೆ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಅಲ್ಲೇ, 1811ರಲ್ಲಿ. ಬಾಸೆಲ್ ಮಿಶನ್ನಿನವರಾಗಿ ನಮ್ಮ ನಾಡಿಗೆ ಬಂದ ಎಷ್ಟೋ ಮಂದಿ ಆ ವುರ್ಟೆಂಬರ್ಗಿನವರು. ಇದರಲ್ಲಿ ಪವಾಡವೇನೂ ಇಲ್ಲ. ಆ ಸೀಮೆಯಿಂದ ಹೊರಟವರೇ ಅಷ್ಟು ಜನ. ಆದರೂ ಒಂದೇ ದ್ರಾಕ್ಷಿ ತೋಟಗಳ ನಡುವಿನಿಂದ ಒಬ್ಬ ಕನ್ನಡಕ್ಕೆ ಬಂದ, ಒಬ್ಬ ಓಹಾಯೋಕ್ಕೆ ಹೋದ ಎಂದು ಹೇಳಿದಾಗ ಬೀಗರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ವುರ್ಟೆಂಬರ್ಗಿನ ಪಾದ್ರಿಗಳು 1808ರಿಂದ ಮನೆತನಕ್ಕೊಂದು ಪುಟದಂತೆ ಕುಟುಂಬ ದಾಖಲೆ ಇಟ್ಟಿದ್ದಾರೆ. ಇವರು ಬರೆದಿಟ್ಟ ಹೆಳವರು ಎನ್ನಬಹುದು. ಅಂಥ ಪುಸ್ತಕಗಳ ಚಿತ್ರಗಳನ್ನು ಈಗ ಮನೆಯಲ್ಲೇ ಕಂಪ್ಯೂಟರಿನಲ್ಲಿ ನೋಡಬಹುದು. ನಮ್ಮ ಪುಟ ಸಿಕ್ಕಿತು. ತಂದೆ ಕೂಲಿ ಬಡಗಿ. ಏಳು ಮಕ್ಕಳು, ಮೂವರ ಮುಂದೆ ಒಂದೆರಡು ವರ್ಷಕ್ಕೇ ಶಿಲುಬೆಯ ಗುರುತು. ನಾಲ್ಕನೆಯವನು ನಮ್ಮ ಮುತ್ತಜ್ಜ. ಹುಟ್ಟಿದ ತಾರೀಖು 1832. ಮದುವೆಯ ಅಂಕಣ ಖಾಲಿ, ಸಾವಿನ ಅಂಕಣ ಖಾಲಿ. ಪಕ್ಕದಲ್ಲಿ ಎರಡೇ ಮಾತು: 'ಅಮೆರಿಕಕ್ಕೆ. 1854.'

ಬೀಗರು ಆ ಊರಿನ ಕಚೇರಿಗೆ ಕಾಗದ ಬರೆದರು. ಉತ್ತರದ ಜೊತೆಗೆ 1854ರ ಗ್ರಾಮಸಭೆಯ ನಡಾವಳಿಯ ಪ್ರತಿ ಬಂತು. ಆ ಸೀಮೆಯಲ್ಲಿ ಹೊಲವನ್ನು ನಮ್ಮಲ್ಲಿಯಂತೆಯೇ ಎಲ್ಲ ಮಕ್ಕಳಿಗೂ ಪಾಲು ಮಾಡುವ ಪದ್ಧತಿ. ತಲೆಮಾರಿಗೊಮ್ಮೆ ಹೋಳಾಗಿ ಕಡೆಗೆ ಒಬ್ಬೊಬ್ಬನಿಗೆ ಅಂಗೈಯಗಲ ಉಳಿದಿತ್ತು. ಮೇಲೆ ಆಲೂಗಡ್ಡೆಗೆ ರೋಗ, ಸಾಲಾಗಿ ಕೆಟ್ಟ ಬೆಳೆ. ಬಡವರನ್ನು ವರ್ಷಗಟ್ಟಲೆ ಸಾಕುವುದಕ್ಕಿಂತ ಒಮ್ಮೆ ಹಡಗಿನ ದುಡ್ಡು ಕೊಟ್ಟು ಕಳಿಸುವುದು ಅಗ್ಗವೆಂದು ಕೆಲವು ಹಳ್ಳಿಗಳು ಲೆಕ್ಕ ಹಾಕಿದವು. ನಮ್ಮ ಮುತ್ತಜ್ಜನನ್ನೂ ಹಾಗೆ ಊರೇ ಕಳಿಸಿತ್ತು; ಮತ್ತೆಂದೂ ಗ್ರಾಮದ ಹಕ್ಕು ಕೇಳುವುದಿಲ್ಲವೆಂದು ಬರೆಸಿಕೊಂಡು. ಆ ಒಂದು ವರ್ಷದಲ್ಲಿ ಅಮೆರಿಕಕ್ಕೆ ಬಂದ ಜರ್ಮನರು 2 ಲಕ್ಷ 15 ಸಾವಿರ. ಕ್ರಾಂತಿಯಲ್ಲಿ ಕತ್ತಿ ಹಿರಿದು ಓಡಿಬಂದವರು ಒಟ್ಟು ಕೆಲವು ಸಾವಿರವಷ್ಟೆ.

ಪಾಳೆಯಗಾರನ ಮಗ ಹೀಗೆ ಊರಿಗೆ ಭಾರವಾದ ಬಡವನಾಗಿ ನಿಂತ. ಬೀಗರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೆಂಡತಿ ಮಕ್ಕಳಿಗೆ ಹೇಳಿಕೊಳ್ಳಲು ಅವನ ಹತ್ತಿರ ಬೇರೆ ಏನಿತ್ತು? ಒಂದು ಕಥೆ ಮಾಡಿಕೊಂಡ. ಮಾಡಿಕೊಳ್ಳಲಿ ಬಿಡಿ" ಎಂದರು. ಕಥೆಯ ಪಾಳೆಯಗಾರನಿಗಿಂತ ಈ ಇಪ್ಪತ್ತೆರಡು ವರ್ಷದ ಬಡಗಿ ಅವರಿಗೆ ಹೆಚ್ಚು ಹತ್ತಿರದವನಾದನೆಂದು ನನಗೆ ಕಂಡಿತು.

ನನ್ನ ಮನೆಯವರು ಇಷ್ಟು ದಿನ ನಮ್ಮ ಕಾಗದದ ರಾಶಿಯ ಕಡೆ ತಿರುಗಿ ನೋಡಿರಲಿಲ್ಲ. ಆ ಪುಟವನ್ನು ಮಾತ್ರ ಕನ್ನಡಕ ಹಾಕಿಕೊಂಡು ನೋಡಿದರು. ಬೆರಳು ತಾಯಿಯ ಸಾಲಿನ ಮೇಲೆ ನಿಂತಿತು. ಆಕೆ ತೀರಿಕೊಂಡದ್ದು 1871ರಲ್ಲಿ. "ಹದಿನೇಳು ವರ್ಷ ಆತಲ್ರೀ. ಮಗನ ಸುದ್ದಿ ಮುಟ್ಟಿತ್ತೇನ್ರಿ ಆಕಿಗೆ?" ಎಂದರು. ಅದಕ್ಕೆ ಯಾವ ದಾಖಲೆಯೂ ಇಲ್ಲ. ಪಕ್ಕದ ಕೋಣೆಯಲ್ಲಿ ಮಗಳು ಮೊಮ್ಮಗನಿಗೆ ಇಂಗ್ಲಿಷಿನಲ್ಲಿ ಪಾಠ ಹೇಳಿಕೊಡುತ್ತಿದ್ದಳು. ನಾವಿಬ್ಬರೂ ಸುಮ್ಮನೆ ಕೇಳುತ್ತ ಕುಳಿತೆವು.

ಊರು ಬಿಟ್ಟವನ ಬದುಕು ಎರಡು ಪುಸ್ತಕಗಳಲ್ಲಿ ಅರ್ಧರ್ಧ ಇರುತ್ತದೆ. ಒಂದರಲ್ಲಿ ಹುಟ್ಟು ಇದೆ, ಸಾವಿಲ್ಲ. ಇನ್ನೊಂದರಲ್ಲಿ ಸಾವಿದೆ, ಹುಟ್ಟಿದೂರಿಲ್ಲ. ಎರಡನ್ನೂ ಒಂದು ಮೇಜಿನ ಮೇಲೆ ತರಲು ಇಲ್ಲಿ ನೂರಿಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. 2000ದ ಗಣತಿಯಲ್ಲಿ ತಾವು ಜರ್ಮನ್ ಮೂಲದವರೆಂದು ಹೇಳಿಕೊಂಡ ಅಮೆರಿಕನರು 4 ಕೋಟಿ 28 ಲಕ್ಷ. ಅವರಲ್ಲಿ ಹಳ್ಳಿಯ ಹೆಸರು ಹೇಳಬಲ್ಲವರು ಎಷ್ಟು ಮಂದಿಯೋ! ಈಗ ನಮ್ಮವರು ಹೋಗುತ್ತಿದ್ದಾರೆ. ನೂರು ವರ್ಷದ ಮೇಲೆ ಯಾವುದೋ ಹುಡುಗ, "ಇಂಡಿಯಾದಲ್ಲಿ ಎಲ್ಲಿ?" ಎಂದು ಕೇಳಿದರೆ ಉತ್ತರ ಹೇಳಲು ಅಲ್ಲಿಗೆ ಎತ್ತು ಹತ್ತಿ ಬರುವ ಹೆಳವನಿಲ್ಲ.

ಹಿಂದಿರುಗುವ ಮುನ್ನ ಒಂದು ದಪ್ಪ ಕಾಗದ ತರಿಸಿಕೊಂಡೆ. ಖರೀದಿ ಪತ್ರದ ಕ್ರಮದಲ್ಲೇ ಬರೆದೆ: ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಮನೆಯ ಚತುಸ್ಸೀಮೆ, ಪೂರ್ವಕ್ಕೆ ಬಸವಣ್ಣನ ಗುಡಿ, ಪಶ್ಚಿಮಕ್ಕೆ ಹಳ್ಳ, ಏಳು ತಲೆಯ ಹೆಸರು, ಹೆಂಗಸರ ತವರೂರು ಸಮೇತ. ಮಗಳ ಹೆಸರಿನ ಪಕ್ಕದಲ್ಲಿ ಅವಳು ಊರು ಬಿಟ್ಟ ವರ್ಷ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪ್ರತಿ. ಬೀಗರು ಎರಡನ್ನೂ ತೆಗೆದುಕೊಂಡು, ಮುತ್ತಜ್ಜನ ಪೌರತ್ವ ಪತ್ರವಿದ್ದ ಆ ಹಳೆಯ ಬೈಬಲ್ಲಿನೊಳಗೇ ಇಟ್ಟರು.